‘ಇತರೆ’ಗೆ ಹಾಕಿದ ಮಾತುಗಳು

ನನ್ನ ಫೋನಿನಲ್ಲಿ ಟಿಪ್ಪಣಿ ಬರೆದಿಡುವ ಆ್ಯಪ್ ಒಂದಿದೆ. ಅದರೊಳಗೆ ನಾನು ಆರು ಕಡತ ಮಾಡಿಕೊಂಡಿದ್ದೆ: ಸೊಪ್ಪು, ಗಾಳಿ, ಜ್ವರ, ಸುಣ್ಣ, ಚಂದ್ರಿಕೆ, ಇತರೆ. ಮೊದಲ ಐದರಿಂದ ರೇಷ್ಮೆ ಹುಳು ಸಾಕಣೆಯ ಕೈಪಿಡಿಯೊಂದು ತಯಾರಾಗಬೇಕಿತ್ತು. ಆರನೆಯದು ಎಲ್ಲಿಗೂ ಸೇರದ ಮಾತುಗಳಿಗೆ. ಮನೆಯಲ್ಲಿ ಬೇಡದ ಸಾಮಾನನ್ನು ಅಟ್ಟಕ್ಕೆ ಎಸೆಯುವುದಿಲ್ಲವೇ, ಹಾಗೆ.

ಕೈಪಿಡಿ ಬೇಕೆಂದವರು ಮೈಸೂರಿನ ಒಬ್ಬ ಸಣ್ಣ ಪ್ರಕಾಶಕರು. “ಕರಪತ್ರದ ಭಾಷೆ ಬೇಡ. ಹುಳು ಸಾಕೋರು ಏನು ಹೇಳ್ತಾರೋ ಅದನ್ನೇ ಬರೀರಿ” ಎಂದಿದ್ದರು. ನನಗೆ ಹಿಡಿಸಿತು. ಕೊಳ್ಳೇಗಾಲದಲ್ಲೇ ಹುಟ್ಟಿ ಬೆಳೆದರೂ ನಮ್ಮ ಮನೆಯಲ್ಲಿ ಯಾರೂ ಹುಳು ಸಾಕಿದವರಲ್ಲ. ನಾನು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಾ ತಿದ್ದುತ್ತಾ ಬರವಣಿಗೆಗೆ ಬಂದವನು. ಹುಳುವಿನ ಸಂಗತಿ ತಿಳಿಯದಿದ್ದರೇನು, ಮಾತನ್ನು ಒಪ್ಪ ಮಾಡಿ ಜೋಡಿಸುವುದು ತಿಳಿದಿದೆ ಎಂಬ ಹಮ್ಮು ನನಗಿತ್ತು. ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ.

ಕೆಲಸ ಹೀಗೆ ನಡೆಯುತ್ತಿತ್ತು. ಬೆಳಿಗ್ಗೆ ಸ್ಕೂಟರಿನಲ್ಲೋ ಬಸ್ಸಿನಲ್ಲೋ ಒಂದು ಊರಿಗೆ ಹೋಗುವುದು. ಹನೂರು, ಶಾಗ್ಯ, ಹೂಗ್ಯಂ ಒಂದು ದಿಕ್ಕು. ಯಳಂದೂರಿನ ಕಡೆಯ ಹಳ್ಳಿಗಳು ಇನ್ನೊಂದು ದಿಕ್ಕು. ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಸುಣ್ಣದ ಪುಡಿ ಮೆಟ್ಟಿ ಒಳಗೆ ಹೋಗುವುದು. ಫೋನಿನ ರೆಕಾರ್ಡರ್ ಒತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು ಕೇಳುತ್ತಾ ಹೋಗುವುದು. ಮನೆಗೆ ಬಂದಮೇಲೆ ಆ ಮಾತನ್ನು ಒಮ್ಮೆ ಓಡಿಸಿ ಕೇಳಿ, ಒಂದು ವಿಚಾರಕ್ಕೆ ಒಂದೇ ಚೀಟಿಯಂತೆ ಆ್ಯಪಿನಲ್ಲಿ ಬೆರಳಚ್ಚು ಮಾಡುವುದು. ಚೀಟಿಯ ತಲೆಯ ಮೇಲೆ ಊರು, ತಿಂಗಳು, ಕಡತದ ಹೆಸರು. ‘ಗಾಳಿ’ ಎಂದು ಒತ್ತಿದರೆ ಗಾಳಿಯ ಚೀಟಿಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಿದ್ದವು. ‘ಗಾಳಿ, ಮಳೆಗಾಲ’ ಎಂದರೆ ಅದರಲ್ಲೂ ಸೋಸಿ ಕೊಡುತ್ತಿತ್ತು. ಹೂಗ್ಯಂನಲ್ಲೇ ಉಳಿದು ಬರೆದಾಗ ಸಿಗ್ನಲ್ ಸಿಗದೆ ಒಮ್ಮೆ ಎರಡು ದಿನದ ಚೀಟಿಗಳು ಕೈಬಿಟ್ಟು ಹೋದವು. ಅದನ್ನು ಬಿಟ್ಟರೆ ಆ ಆ್ಯಪ್ ನನಗೆ ಎಂದೂ ಮೋಸ ಮಾಡಲಿಲ್ಲ.

“ಅಕ್ಕಿ ಕೇರ್ದಂಗೆ ಮಾತ ಕೇರ್ತಾ ಕೂತಿರ್ತೀರಲ್ಲ, ನುಚ್ಚು ಎಲ್ಲಿಗೆ ಓಗ್ತದೆ?” ಎಂದು ಹೆಂಡತಿ ಕೇಳಿದಳು.

“ನುಚ್ಚಿಗೂ ಒಂದು ಡಬ್ಬ ಇಟ್ಟಿದ್ದೀನಿ, ಸುಮ್ನಿರು” ಅಂದೆ. ಆ ಡಬ್ಬವೇ ‘ಇತರೆ’.

ಅದಕ್ಕೆ ಏನೆಲ್ಲ ಬೀಳುತ್ತಿತ್ತೆಂದರೆ, ಬಹುತೇಕ ಬೀಳ್ಕೊಡುವಾಗಿನ ಮಾತು. ನಮ್ಮ ಕಡೆ ಬಂದವರನ್ನು ಹೊಸ್ತಿಲಲ್ಲೇ ಕಳಿಸುವವರಿಲ್ಲ. ಬೀದಿಯ ತನಕ, ಬಸ್ಸಿನ ತನಕ ಜೊತೆಗೆ ಬರುತ್ತಾರೆ, ಸ್ಕೂಟರ್ ಸ್ಟಾರ್ಟ್ ಆಗುವವರೆಗೂ ಮಾತಾಡುತ್ತಾರೆ. ಜೇಬಿನ ರೆಕಾರ್ಡರ್ ಅದನ್ನೂ ಹಿಡಿದಿರುತ್ತಿತ್ತು. ನಾನು ಅಲ್ಲೊಂದು ಇಲ್ಲೊಂದು ಸಾಲು ಕೇಳಿ, ಯಾವ ಕಡತಕ್ಕೂ ಹೊಂದದೆಂದು ಇಡಿಯಾಗಿ ‘ಇತರೆ’ಗೆ ನೂಕುತ್ತಿದ್ದೆ.

ಸತ್ತೇಗಾಲದ ಹೆಂಗಸು ನನಗೆ ಪರಿಚಯವಾಗಿದ್ದು ಆ ತಿರುಗಾಟದ ನಡುವೆಯೇ. ಅವರದು ಭತ್ತ, ಕಬ್ಬು, ತೆಂಗಿನ ಮನೆ. ಗಂಡ ಲಾರಿ ಓಡಿಸುತ್ತಾ ವಾರಕ್ಕೊಮ್ಮೆ ಬರುವವರು. ಜಮೀನು ಗಂಡನ ಅಣ್ಣನ ಉಸ್ತುವಾರಿಯಲ್ಲಿ. ಆಕೆ ಅವರನ್ನು ಭಾವ ಎಂದು ಕರೆಯುತ್ತಿದ್ದರು. ಹಟ ಹಿಡಿದು, ಆ ಭಾವನಿಂದ ಒಂದು ತುಂಡು ನೆಲ ಬಿಡಿಸಿಕೊಂಡು ಹಿಪ್ಪುನೇರಳೆ ಹಾಕಿದ್ದರು. ಹಿಂದಿನ ದನದ ಕೊಟ್ಟಿಗೆಯನ್ನೇ ಗುಡಿಸಿ ಬಳಿದು ಹುಳು ಮನೆ ಮಾಡಿದ್ದರು. ಮೊದಲ ಬೆಳೆ ಅಷ್ಟಕ್ಕಷ್ಟೆ ಆಗಿತ್ತು.

“ಇನ್ನೊಂದು ಬೆಳೆ ನೋಡಾನ, ಆಗ್ನಿಲ್ಲ ಅಂದ್ರೆ ಕಿತ್ತಾಕಿ ಕಬ್ಬು ನೆಟ್ಬುಡದು ಅಂದವ್ರೆ ಸಾ ನಮ್ ಭಾವ” ಎಂದು ಮೊದಲ ಸಲ ಹೋದಾಗಲೇ ಹೇಳಿದರು. “ಈ ಮನೇಲಿ ನಂದು ಅಂತ ಇರಾದು ಇದೊಂದೇ. ನಮ್ಮೂರ ಕಡೆ ಹುಳ ಸಾಕೋರಿಲ್ಲ, ಕೇಳಾನ ಅಂದ್ರೆ ಯಾರೂ ಇಲ್ಲ. ನೀವು ಬರ್ದಿರಾದ ನಂಗೂ ಓದಾಕೆ ಕೊಡಿ.”

ಆಕೆ ಪಿಯುಸಿ ತನಕ ಓದಿದವರು. ನಾನು ಉಬ್ಬಿಹೋದೆ ಅಂತಲೇ ಹೇಳಬೇಕು. ಪುಸ್ತಕ ಇನ್ನೂ ಆಗಿಲ್ಲ, ಓದುಗರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ! ಆ್ಯಪಿನಲ್ಲಿ ಒಂದು ಪುಟವನ್ನು ಬೇರೆಯವರ ಫೋನಿಗೂ ಕಾಣುವಂತೆ ಹಂಚಬಹುದು. ನಾನು ಇಲ್ಲಿ ಬರೆದದ್ದು ಅಲ್ಲೂ ಕಾಣುತ್ತದೆ. ಆಯಾ ಅಧ್ಯಾಯ ಮುಗಿದಂತೆ ಆ ಪುಟದಲ್ಲಿ ಹಾಕುತ್ತೇನೆ, ಓದಿಕೊಳ್ಳಿ ಎಂದು ಆಕೆಯ ಫೋನಿಗೆ ಕೊಂಡಿ ಕಳಿಸಿದೆ.

ಗಾಳಿಯ ಅಧ್ಯಾಯ ಬರೆಯುವ ಹೊತ್ತಿಗೆ ನನ್ನ ಬಳಿ ಆ ಕಡತದಲ್ಲೇ ಎಲ್ಲಕ್ಕಿಂತ ಹೆಚ್ಚು ಚೀಟಿಗಳಿದ್ದವು. ಮಳೆಗಾಲದ್ದನ್ನು ಸೋಸಿ ನೋಡಿದೆ. ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ಮಾತು: ಕಿಟಕಿಗೆ ಗೋಣಿಚೀಲ ಇಳಿಬಿಟ್ಟಿದೆ, ಹುಳು ಹೇಗಿವೆ ಎಂದರೆ, “ಚೆಂದಾಗವೆ.” ಹನೂರಿನಲ್ಲಿ ಚೆಂದಾಗವೆ, ಶಾಗ್ಯದಲ್ಲಿ ಚೆಂದಾಗವೆ, ಯಳಂದೂರಿನ ಕಡೆಯೂ ಚೆಂದಾಗವೆ. ನನ್ನ ಮೇಜಿನ ಮೇಲೆ ಇದ್ದ ಕರಪತ್ರ ಮಾತ್ರ ಬೇರೆ ಹೇಳುತ್ತಿತ್ತು. ಮಳೆಗಾಲದಲ್ಲಿ ಹುಳು ಮನೆಯೊಳಗೆ ಗಾಳಿಯಾಡಬೇಕು, ತೇವ ನಿಲ್ಲಬಾರದು, ನಿಂತರೆ ಸುಣ್ಣಕಟ್ಟು ರೋಗ ಬರುತ್ತದೆ ಎಂದು ಅದರಲ್ಲಿತ್ತು. ನಾನು ಎರಡನ್ನೂ ತೂಗಿದೆ. ಪ್ರಕಾಶಕರು ಕರಪತ್ರ ಬೇಡ ಎಂದದ್ದು ನೆನಪಾಯಿತು. ಇಷ್ಟು ಜನ ಬಾಯಿಬಿಟ್ಟು ಹೇಳುತ್ತಿರುವಾಗ ಒಂದು ಹಾಳೆಯ ಮಾತು ಏಕೆ ಎನಿಸಿತು. ಅಧ್ಯಾಯದಲ್ಲಿ ಹೀಗೆ ಬರೆದೆ: ‘ಮಳೆಗಾಲದಲ್ಲಿ ಕಿಟಕಿಗಳಿಗೆ ಗೋಣಿ ಇಳಿಬಿಡಿ. ಇರಚಲು ಬಡಿಯುವುದಿಲ್ಲ, ಸೊಪ್ಪು ಬೇಗ ಬಾಡುವುದಿಲ್ಲ. ಗೋಣಿ ನೆನೆದರೂ ತೆಗೆಯಬೇಕಾಗಿಲ್ಲ.’

ಆ ಕೊನೆಯ ವಾಕ್ಯವನ್ನು ನನಗೆ ಯಾರೂ ಹೇಳಿರಲಿಲ್ಲ. ನೆನೆದ ಗೋಣಿ ಕಂಡಿದ್ದೆ, ಚೆಂದಾಗವೆ ಎಂಬ ಮಾತು ಕೇಳಿದ್ದೆ. ಎರಡನ್ನೂ ಕೂಡಿಸಿಕೊಂಡದ್ದು ನಾನು. ಗೋಣಿಯನ್ನು ಯಾವಾಗ ಇಳಿಬಿಡುತ್ತೀರಿ, ಯಾವಾಗ ಎತ್ತುತ್ತೀರಿ ಎಂದು ಒಬ್ಬರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಕಾರ್ತಿಕದ ಮಳೆ ಹಿಡಿದಿತ್ತು. ಸತ್ತೇಗಾಲದಲ್ಲಿ ಎರಡನೇ ಬೆಳೆ ನಡೆಯುತ್ತಿತ್ತು. ಹುಳು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ದಾಟಿದ ಮೇಲೆ ಏಳೆಂಟು ದಿನ ಒಂದೇ ಸಮ ಸೊಪ್ಪು ಮೇದು, ಹಣ್ಣಾಗಿ, ಬಿದಿರಿನ ಚಂದ್ರಿಕೆ ಹತ್ತಿ ಗೂಡು ಕಟ್ಟುತ್ತವೆ. ನಾಲ್ಕನೇ ಜ್ವರ ದಾಟಿ ಮೂರನೇ ದಿನ ಬೆಳಿಗ್ಗೆ ಆಕೆಯ ಫೋನು ಬಂತು.

“ಸಾ, ಯಾಕೋ ಒಂದಷ್ಟು ಮೇಯ್ತಾ ಇಲ್ಲ. ಬತ್ತೀರಾ?”

ಬಸ್ಸು ಹತ್ತಿ ಹೋದೆ. ಹುಳು ಮನೆಯ ಮೂರೂ ಕಿಟಕಿಗೆ ಗೋಣಿ ಇಳಿಬಿದ್ದಿತ್ತು, ನಾನು ಬರೆದ ಹಾಗೆಯೇ. ಮಳೆಯ ನೀರು ಕುಡಿದು ಕಪ್ಪಾಗಿ ತೊಟ್ಟಿಕ್ಕುತ್ತಿತ್ತು. ಒಳಗೆ ಕಾಲಿಟ್ಟರೆ ಬೇಯಿಸಿದ ಸೊಪ್ಪಿನಂಥ ಉಗಿ. ಅಷ್ಟು ಹುಳು ಒಟ್ಟಿಗೆ ಮೇಯುವಾಗ ಹುಳು ಮನೆಯಲ್ಲಿ ಸಣ್ಣ ಮಳೆ ಸುರಿದಂಥ ಸದ್ದು ಬರುತ್ತದೆ. ಅಲ್ಲಿ ಆ ಸದ್ದು ಒಂದು ಮೂಲೆಯಲ್ಲಿತ್ತು, ಇನ್ನೊಂದು ಮೂಲೆಯಲ್ಲಿರಲಿಲ್ಲ.

ಸೊಪ್ಪು ಹಾಕಲು ಶಾಗ್ಯದಿಂದ ಬಂದ ಒಬ್ಬ ಅಜ್ಜಿ ಒಳಗಿದ್ದರು. ಹುಳುವಿನಲ್ಲೇ ಬದುಕು ಕಳೆದವರು, ಆ ದಿನ ಬೆಳಿಗ್ಗೆಯಷ್ಟೇ ಬಂದಿದ್ದರು. ಸತ್ತೇಗಾಲದ ಹೆಂಗಸು ನನ್ನನ್ನು ಕಂಡವರೇ ತಡೆಯಲಾರದೆ ಶುರು ಮಾಡಿದರು: “ನೋಡಿ ಸಾ, ಇವು ಗಟ್ಟಿಯಾಗವೆ. ಸತ್...”

“ಏ ಏ ಏ! ಬಾಯ್ ಮುಚ್ಚವ್ವ!” ಎಂದು ಅಜ್ಜಿ ಕೈ ಅಡ್ಡ ಹಿಡಿದರು. “ಒಳಗೆ ಆಡಬ್ಯಾಡ ಕಣವ್ವ ಆ ಮಾತ. ಈಚೆ ನಡಿ, ಈಚೆ.”

ಮೂವರೂ ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತೆವು. ಅಲ್ಲಿ ನಿಂತಮೇಲೆ ಅಜ್ಜಿಯ ಬಾಯಿ ಬಿಚ್ಚಿಕೊಂಡಿತು. ಸುಣ್ಣಕಟ್ಟು ಬಂದುಬಿಟ್ಟಿದೆ, ಆ ಕಡೆಯ ಹುಳುವಿನ ಸ್ಟ್ಯಾಂಡು ಪೂರಾ ಹೋದ ಹಾಗೆ, ಈ ಕಡೆಯದು ಶಿವನಿಗೆ ಗೊತ್ತು. ಆರಿಸಿ ತೆಗೆದು ಹೂಳಬೇಕು, ಸುಣ್ಣ ಉದುರಿಸಬೇಕು, ಗಾಳಿ ಬಿಡಬೇಕು.

“ಒಳಗೇ ಹೇಳಬಹುದಿತ್ತಲ್ಲ ಅಜ್ಜಿ?” ಎಂದೆ.

“ಚೆಂದಾಗ್ ಹೇಳುದ್ರಿ ಸೋಮಿ! ಅವಕ್ಕೆ ಕೇಳುಸ್ತದೆ. ನಾಕ್ನೇ ಜ್ವರ ಎದ್ದ ಮೇಲೆ ಹುಳಿನ ಮನೇಲಿ ಕೆಟ್ ಮಾತ ಆಡ್ಕೂಡ್ದು. ಏನೇ ಆಗಿರ್ಲಿ, ಯಾರೇ ಬಂದು ಕೇಳ್ಲಿ, ಒಳಗೆ ನಿಂತಿದ್ರೆ ಚೆಂದಾಗವೆ ಅನ್ನಾದೇಯ. ನಮ್ಮವ್ವನೂ ಅಂಗೇ ಅಂತಿದ್ಲು. ಕಷ್ಟ ಸುಖ ಎಲ್ಲಾ ಈಚೆ.”

ನನ್ನ ಗಾಳಿಯ ಚೀಟಿಗಳೆಲ್ಲ ನಾನು ಒಳಗೆ ನಿಂತು ಕೇಳಿದ ಮಾತುಗಳೇ ಆಗಿದ್ದವು.

ಅಜ್ಜಿ ಕಿಟಕಿಯ ಕಡೆ ತಿರುಗಿ, “ಮೊದ್ಲು ಆ ಗೋಣಿಯ ಕಿತ್ತಾಕು. ಈ ಮಳೇಲಿ ಒದ್ದೆ ಗೋಣಿ ಕಟ್ಟು ಅಂತ ಯಾವ್ ಮುಂಡೇದು ಹೇಳ್ಕೊಟ್ಟದ್ದು ನಿಂಗೆ?” ಎಂದರು.

ಸತ್ತೇಗಾಲದ ಹೆಂಗಸು ನನ್ನನ್ನು ಒಮ್ಮೆ ನೋಡಿದರು. ಸೆರಗು ಸಿಕ್ಕಿಸಿಕೊಂಡು ಹೋಗಿ ಗೋಣಿ ಬಿಚ್ಚತೊಡಗಿದರು. ನಾನಾದರೂ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ನಾನೂ ಹೋಗಿ ಇನ್ನೊಂದು ಕಿಟಕಿಯ ಗೋಣಿಗೆ ಕೈಹಾಕಿದೆ, ಅಷ್ಟೆ.

ಮಧ್ಯಾಹ್ನ ಮನೆಗೆ ಬಂದವನು ಊಟಕ್ಕೂ ಏಳದೆ ಮೊದಲ ರೆಕಾರ್ಡಿಂಗಿನಿಂದ ಕೇಳುತ್ತಾ ಕೂತೆ. ಈ ಸಲ ಮಾತಿನ ಹಿಂದಿನ ಸದ್ದನ್ನು ಕೇಳಿದೆ. ಹನೂರಿನ ಮನೆಯಲ್ಲಿ ‘ಚೆಂದಾಗವೆ’ ಎನ್ನುವಾಗ ಹಿಂದೆ ಹುಳು ಮೇಯುವ ಸಣ್ಣ ಮಳೆಯ ಸದ್ದು. ಶಾಗ್ಯದಲ್ಲೂ ಅದೇ. ಯಳಂದೂರಿನಲ್ಲೂ ಅದೇ. ಆ ಸದ್ದು ನಿಂತು, ಕಾಗೆ, ಟ್ರ್ಯಾಕ್ಟರು, ಬೀದಿಯ ಮಕ್ಕಳ ಗಲಾಟೆ ಶುರುವಾದಲ್ಲಿ ಮಾತೂ ಬದಲಾಗುತ್ತಿತ್ತು. ಹೊಸದಾಗಿ ಎರಡು ಗುರುತು ಮಾಡಿಕೊಂಡೆ: ‘ಒಳಗೆ’, ‘ಹೊರಗೆ’. ಪ್ರತಿ ಚೀಟಿಗೂ ಒಂದನ್ನು ಅಂಟಿಸುತ್ತಾ ಹೋದೆ. ಐದು ಕಡತಗಳ ಚೀಟಿಗಳೆಲ್ಲ ‘ಒಳಗೆ’ ಆದವು. ‘ಹೊರಗೆ’ ಎಂಬುದು ಇದ್ದದ್ದೆಲ್ಲ ‘ಇತರೆ’ಯಲ್ಲಿ.

ಶಾಗ್ಯದ ಒಬ್ಬಾತ ನನ್ನ ಸ್ಕೂಟರ್ ತಳ್ಳುತ್ತಾ ಹೇಳಿದ್ದ: “ಓದ್ ಮಳೇಲಿ ಒಂದ್ ಗೂಡೂ ಕಟ್ನಿಲ್ಲ ಸಾ. ಆ ಗೋಣಿ ನೋಡುದ್ರೆ ಒಟ್ಟೆ ಉರೀತದೆ.” ಹನೂರಿನ ಬಸ್‌ ನಿಲ್ದಾಣದಲ್ಲಿ ಒಬ್ಬ ಹೆಂಗಸು: “ಬಿಸ್ಲಲ್ಲಿ ಇಳಿಬುಡ್ತೀವಿ. ಮಳೆ ಬಂತು ಅಂದ್ರೆ ಸುತ್ತಿ ಮೇಲಕ್ಕೆ ಕಟ್ಟಾದು. ಮರ್ತ್ರೋ, ಕೆಟ್ರು.” ಯಳಂದೂರಿನ ಒಬ್ಬ ಹಿರಿಯರು ಎಲೆ ಅಡಿಕೆ ಹಾಕುತ್ತಾ, ಅದೇ ತಾನೇ ಒಳಗೆ ಚೆಂದಾಗವೆ ಎಂದು ಬಂದವರು, “ಸಪ್ಪೆ ರೋಗ ಸಾ, ಅರ್ಧಕ್ಕರ್ಧ ಓದೊ” ಎಂದಿದ್ದರು. ಅದಕ್ಕೆ ರೆಕಾರ್ಡಿಂಗಿನಲ್ಲಿ ನನ್ನ ಉತ್ತರವೂ ಇತ್ತು: “ಸರಿ ಯಜಮಾನ್ರೆ, ಬಸ್ಸು ಬಂತು, ಬರ್ತೀನಿ.” ನನ್ನ ದನಿಯನ್ನು ನಾನೇ ಕೇಳಿ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಅಷ್ಟು ಜನ ನಿಜ ಹೇಳಿದ್ದರು. ಬೀದಿಯ ತನಕ ನಡೆದು ಬಂದು ಹೇಳಿದ್ದರು.

ಆಮೇಲೆ ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಹಂಚಿದ ಪುಟವನ್ನು ತೆರೆದೆ. ಗೋಣಿಯ ಮೂರು ವಾಕ್ಯಗಳನ್ನು ಅಳಿಸಿದೆ. ಅದೇ ಜಾಗದಲ್ಲಿ, ‘ಮಳೆಗಾಲದಲ್ಲಿ ಕಿಟಕಿ ತೆರೆದಿಡಿ. ಒದ್ದೆ ಗೋಣಿ ಬೇಡ. ಗಾಳಿಯಾಡಲಿ’ ಎಂದು ಬರೆದೆ. ಕರಡು ತಿದ್ದುವವನ ಕೈ. ತಪ್ಪು ಕಂಡರೆ ಹೊಡೆದು ಸರಿ ಬರೆಯುವುದು, ಅಚ್ಚಾದ ಮೇಲೆ ಹಳೆಯ ತಪ್ಪು ಯಾರಿಗೂ ಕಾಣದು. ಎಷ್ಟೋ ವರ್ಷ ಮಾಡಿದ್ದ ಕೆಲಸವೇ. ತಿದ್ದಿ ಮುಗಿಸಿ ಸಮಾಧಾನವಾಗಿ ಊಟ ಮಾಡಿದೆ ಕೂಡ.

ಎರಡು ದಿನ ಕಳೆದು ಆಕೆಯ ಫೋನು ಬಂತು. ದನಿ ಎತ್ತರದಲ್ಲಿರಲಿಲ್ಲ.

“ಸಾ, ಒಂದ್ ಮಾತ ಕೇಳ್ತೀನಿ, ಬ್ಯಾಸ್ರ ಮಾಡ್ಕಬೇಡಿ. ಆ ಗಾಳಿ ವಿಸ್ಯ ಬರ್ದಿದ್ರಲ್ಲ, ಅದ್ರಲ್ಲಿ ಮೊದ್ಲಿಂದ್ಲೂ ಕಿಟಕಿ ತೆಗ್ದಿಡಿ ಅಂತ್ಲೇ ಇತ್ತಾ?”

ಆಕೆಯೇ ಮುಂದುವರಿಸಿದರು. ಹುಳು ಬಹುಪಾಲು ಹೋದವು, ಬಿಳಿ ಸುಣ್ಣ ಮೆತ್ತಿದ ಕಡ್ಡಿಗಳ ಹಾಗೆ. ಭಾವ ಬಂದು ನಿಂತು ಕೇಳಿದರು, ಯಾರು ಹೇಳಿದ್ದು ನಿನಗೆ ಗೋಣಿ ಕಟ್ಟು ಅಂತ. ಆಕೆ ಫೋನು ತೋರಿಸಿದರು, ಇಲ್ಲಿ ಬರೆದಿದೆ ಎಂದು. ಭಾವನ ಮಗಳು ಕಾಲೇಜಿಗೆ ಹೋಗುವವಳು. ಅವಳು ಜೋರಾಗಿ ಓದಿದಳು. ಕಿಟಕಿ ತೆರೆದಿಡಿ. ಒದ್ದೆ ಗೋಣಿ ಬೇಡ.

“ಬರ್ದಿರಾದು ಒಂದು, ನೀ ಮಾಡಿರಾದು ಒಂದು, ಈಗ ಬರ್ದೋರ ಮ್ಯಾಲೆ ಹೇಳ್ತಿಯಲ್ಲ ಅಂದ್ರು ಸಾ. ಎಲ್ರ ಎದ್ರುಗೆ ಅಂದ್ರು. ನಾನು ಇಲ್ಲ ಭಾವ, ಗೋಣಿ ಅಂತ್ಲೇ ಇತ್ತು ಅಂದೆ. ಸುಳ್ಳೂ ಹೇಳ್ತಾಳೆ ಅಂದ್ರು. ಆಮೇಲೆ ನಂಗೇ ಅನುಮಾನ ಬಂದ್ಬುಡ್ತು ಸಾ. ನಾನೇ ತಪ್ಪಾಗಿ ಓದ್ಕಂಡ್ನೇನೋ. ಅದ್ಕೇ ಕೇಳ್ದೆ. ಅಂಗಿದ್ರೆ ಹೇಳ್ಬುಡಿ, ನಂದೇ ತಪ್ಪು ಅಂತ ಸುಮ್ನಾಗ್ತೀನಿ. ನಾಳೆ ಬೆಳಗ್ಗೆ ಟ್ರ್ಯಾಕ್ಟರು ಬತ್ತದೆ, ಸೊಪ್ಪಿನ ತೋಟ ಉಳಾಕೆ.”

ಆಕೆಗೆ ನಾನು ಹೇಳಿದ್ದು ಇಷ್ಟೇ: “ನೀವು ಸರಿಯಾಗೇ ಓದಿದ್ದೀರಮ್ಮ. ನಾಳೆ ಬೆಳಿಗ್ಗೆ ಬರ್ತೀನಿ.”

ಹೆಂಡತಿ ಪಕ್ಕದಲ್ಲೇ ಇದ್ದಳು. ಎಲ್ಲ ಹೇಳಿದೆ. “ಪುಟದಲ್ಲಿ ಇನ್ನೊಂದು ಸಲ ತಿದ್ದುಬುಡಿ, ತಪ್ಪಾಗಿತ್ತು ಅಂತ” ಎಂದಳು. ಆಮೇಲೆ ತಾನೇ, “ಅದ್ನ ಯಾರು ನಂಬ್ತಾರೆ ಈಗ? ನೀವೇ ಓಗ್ಬೇಕು” ಎಂದಳು.

ಆ್ಯಪಿನಲ್ಲಿ ಪುಟದ ಹಳೆಯ ರೂಪಗಳು ಉಳಿದಿರುತ್ತವೆ ಎಂದು ನನಗೆ ಗೊತ್ತಿತ್ತು, ಬಳಸಿರಲಿಲ್ಲ. ಹುಡುಕಿ ತೆಗೆದೆ. ಗೋಣಿಯ ಮೂರು ವಾಕ್ಯಗಳನ್ನು ಯಾವ ದಿನ ಬರೆದೆ, ಯಾವ ಮಧ್ಯಾಹ್ನ ಎಷ್ಟು ಗಂಟೆಗೆ ಅಳಿಸಿದೆ, ಎಲ್ಲವೂ ಇತ್ತು. ಹಳೆಯ ವಾಕ್ಯಗಳನ್ನು ಪುಟಕ್ಕೆ ವಾಪಸು ತಂದು, ಅಳಿಸದೆ, ಅವುಗಳ ಮೇಲೆ ಗೆರೆ ಎಳೆದೆ. ಕೆಳಗೆ, ‘ಇದು ತಪ್ಪು. ತಪ್ಪು ಬರೆದವನು ನಾನು. ಇದನ್ನು ನಂಬಿ ಸತ್ತೇಗಾಲದ ಒಂದು ಮನೆಯಲ್ಲಿ ಬೆಳೆ ಹೋಯಿತು. ತಪ್ಪು ತಿಳಿದ ಮೇಲೂ ಹೇಳದೆ ತಿದ್ದಿದೆ’ ಎಂದು ಸೇರಿಸಿದೆ. ಪ್ರಕಾಶಕರಿಗೆ ಫೋನು ಮಾಡಿ ಪುಸ್ತಕ ಈಗ ಬೇಡ, ಗಾಳಿಯ ಅಧ್ಯಾಯವೊಂದೇ ಅಲ್ಲ, ಯಾವುದನ್ನೂ ನಂಬುವ ಹಾಗಿಲ್ಲ ಎಂದೆ. ಅವರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಲಿ ಎಂದು ಬಿಟ್ಟೆ.

ಬೆಳಗಿನ ಮೊದಲ ಬಸ್ಸಿಗೆ ಹೋದರೂ ಟ್ರ್ಯಾಕ್ಟರು ನನಗಿಂತ ಮುಂಚೆ ಬಂದಿತ್ತು. ತೋಟದ ಅರ್ಧ ಆಗಲೇ ಬೇರು ಮೇಲಾಗಿ ಬಿದ್ದಿತ್ತು. ಕಿತ್ತ ಗಿಡಗಳಲ್ಲಿ ಎಳೆ ಸೊಪ್ಪು ಇನ್ನೂ ನಳನಳಿಸುತ್ತಿತ್ತು. ಭಾವ ಬದುವಿನ ಮೇಲೆ ನಿಂತಿದ್ದರು, ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಆಕೆ ದೂರದಲ್ಲಿ ಹುಳು ಮನೆಯ ಬಾಗಿಲಲ್ಲಿ ಕೂತಿದ್ದರು. ಅಳುತ್ತಿರಲಿಲ್ಲ.

“ಯಜಮಾನ್ರೆ, ಗಾಡಿ ಒಂದು ಗಳಿಗೆ ನಿಲ್ಲಿಸಿ” ಎಂದೆ. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಡ್ರೈವರಿಗೆ ಕೈ ಎತ್ತಿದರು. ಇಂಜಿನ್ನು ನಿಂತಿತು.

ಅಲ್ಲೇ ನಿಂತು ಹೇಳಿದೆ. ಗೋಣಿ ಇಳಿಬಿಡಿ ಎಂದು ಬರೆದವನು ನಾನು. ಆಕೆ ಅಕ್ಷರಕ್ಕೆ ಅಕ್ಷರ ಅದನ್ನೇ ಮಾಡಿದರು. ನನ್ನ ತಪ್ಪು ನನಗೆ ತಿಳಿದ ದಿನವೇ, ಇವರಿಗೆ ಒಂದು ಮಾತು ಹೇಳದೆ ತಿದ್ದಿಬಿಟ್ಟೆ. ಅದಕ್ಕೇ ನಿಮ್ಮ ಮಗಳಿಗೆ ಬೇರೆ ಓದಲು ಸಿಕ್ಕಿತು. ಸುಳ್ಳು ಹೇಳಿದ್ದು ಆಕೆಯಲ್ಲ. ಫೋನು ತೆಗೆದು ಕೊಟ್ಟೆ. ಅವರ ಮಗಳನ್ನು ಕರೆಸಿದರು. ಅವಳು ಹಳೆಯ ಪುಟ ಓದಿದಳು, ಅಳಿಸಿದ ಹೊತ್ತು ಓದಿದಳು, ನಾನು ಹಿಂದಿನ ದಿನ ಸೇರಿಸಿದ್ದನ್ನೂ ಓದಿದಳು. ‘ಹೇಳದೆ ತಿದ್ದಿದೆ’ ಎಂಬಲ್ಲಿಗೆ ಬಂದು ತಲೆ ಎತ್ತಿ ನನ್ನ ಮುಖ ನೋಡಿದಳು. ನೆಲ ನೋಡುತ್ತಾ ನಿಂತೆ.

ಭಾವ ಒಂದು ಬೆರಳೆತ್ತಿ ಮೆಲ್ಲಗೆ ಹೇಳಿದರು: “ನೀವು ಓದ್ಕಂಡೋರು. ನಿಮ್ ತಪ್ಪ ಅಳ್ಸಾಕೆ ಒಂದ್ ಬೆಟ್ಟು ಸಾಕು. ಇಲ್ಲಿ ನೋಡಿ, ಕಿತ್ತ್ ಬಿದ್ದವೆ. ಇವ ಎಂಗ್ ನೆಡ್ತೀರಿ?”

“ನೆಡೋಕಾಗಲ್ಲ ಯಜಮಾನ್ರೆ. ಉಳಿದಿದ್ದನ್ನ ಬಿಡಿ ಅಂತ ಕೇಳೋಕೆ ಬಂದೆ.”

“ನೀವ್ಯಾರ್ರಿ ಕೇಳಾಕೆ?” ಎಂದರು. ಸರಿಯಾದ ಮಾತೇ. ಅವರು ತಿರುಗಿ ಹುಳು ಮನೆಯ ಕಡೆ ನೋಡಿದರು. ಆಕೆ ಎದ್ದು ನಿಂತಿದ್ದರು. “ಅವತ್ತು ನಿನ್ನ ಸುಳ್ಳಿ ಅಂದ್ಬುಟ್ಟೆ ಕಣವ್ವ” ಎಂದು ಅಲ್ಲಿಂದಲೇ ಕೂಗಿ ಹೇಳಿದರು, ಎಲ್ಲರಿಗೂ ಕೇಳುವ ಹಾಗೆ. ಡ್ರೈವರಿಗೆ, “ಗಾಡಿ ತಿರುಗ್ಸ್ಕಂಡು ಓಗು” ಎಂದರು. ಆಮೇಲೆ ಆಕೆಗೆ, “ಇನ್ನೊಂದೇ ಬೆಳೆ” ಎಂದು ಹೇಳಿ, ಕಾಲುವೆಯ ದಾರಿ ಹಿಡಿದರು.

ಆ ದಿನ ಆಕೆ ನನಗೆ ಕಾಫಿ ಕೊಟ್ಟರು. ಲೋಟ ಇಡುತ್ತಾ, “ಮೊದ್ಲೇ ಒಂದ್ ಮಾತ ಹೇಳಿದ್ರೆ ಆಯ್ತಿತ್ತು ಸಾ” ಎಂದರು. ನಾನು ಕ್ಷಮೆ ಕೇಳಿದೆ. ಅದಕ್ಕೆ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ.

ಅಲ್ಲಿಂದ ಮುಂದಿನ ಎರಡೂವರೆ ತಿಂಗಳು ಮೊದಲಿನ ಮನೆಗಳಿಗೆಲ್ಲ ಮತ್ತೆ ಹೋದೆ. ಈ ಸಲ ಹುಳು ಮನೆಯೊಳಗೆ ಫೋನು ತೆಗೆಯಲಿಲ್ಲ; ಒಳಗೆ ಕಣ್ಣಿಂದ ನೋಡುವುದು ಮಾತ್ರ. ಹೇಗಿವೆ ಎಂದು ಕೇಳಿ, ಚೆಂದಾಗವೆ ಎಂದರೆ ತಲೆಯಾಡಿಸಿ ಹೊರಗೆ ಬರುತ್ತಿದ್ದೆ. ಬೀದಿಯಲ್ಲಿ ನಿಲ್ಲುತ್ತಿದ್ದೆ. ಬಸ್ಸು ಬಂದರೆ ಬಿಟ್ಟು ಇನ್ನೊಂದಕ್ಕೆ ಕಾಯುತ್ತಿದ್ದೆ. ಯಳಂದೂರಿನ ಕಡೆಯ ಆ ಹಿರಿಯರನ್ನು ಹುಡುಕಿಕೊಂಡು ಹೋಗಿ, “ಅವತ್ತು ಬಸ್ಸು ಬಂತು ಅಂತ ಓಡಿಹೋದೆ, ಅರ್ಧಕ್ಕರ್ಧ ಹೋದ್ವು ಅಂದಿದ್ರಲ್ಲ, ಈಗ ಹೇಳಿ” ಎಂದೆ. ಅವರು ನಕ್ಕು, “ಅಂಗ್ ಬನ್ನಿ ದಾರೀಗೆ” ಎಂದು ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು. ಒಂದು ಗಂಟೆ ಮಾತಾಡಿದರು.

ಆ್ಯಪನ್ನು ಬಿಡಲಿಲ್ಲ. ಕಡತಗಳ ಹೆಸರೂ ಅವೇ ಇವೆ. ಆದರೆ ಪ್ರತಿ ಚೀಟಿಯ ತಲೆಯ ಮೇಲೆ ಮಾತಾಡಿದವರು ಎಲ್ಲಿ ನಿಂತಿದ್ದರು ಎಂದು ಬರೆಯುತ್ತೇನೆ. ‘ಇತರೆ’ಯನ್ನು ಖಾಲಿ ಮಾಡಿ ತೆಗೆದುಹಾಕಿದೆ. ಎಲ್ಲಿಗೂ ಸೇರದ ಮಾತು ಬಂದರೆ ಅದಕ್ಕೊಂದು ಹೊಸ ಕಡತ ಮಾಡುತ್ತೇನೆ, ಒಂದೇ ಚೀಟಿಯಿದ್ದರೂ ಸರಿ. ಕಡತಗಳು ಈಗ ಬಹಳ ಆಗಿವೆ, ನೋಡುವುದಕ್ಕೆ ಚೆನ್ನಾಗಿಲ್ಲ. ಗಾಳಿಯ ಅಧ್ಯಾಯದಲ್ಲಿ ಗೆರೆ ಎಳೆದ ಮೂರು ವಾಕ್ಯಗಳು ಹಾಗೇ ಅಚ್ಚಾಗಬೇಕು ಎಂದು ಪ್ರಕಾಶಕರಲ್ಲಿ ಕೇಳಿದ್ದೇನೆ. ಕೈಪಿಡಿಯಲ್ಲಿ ಅದು ಅಂದಗೆಡುತ್ತದೆ ಎಂಬುದು ಅವರ ತಕರಾರು. ಆ ಜಗಳ ಇನ್ನೂ ಮುಗಿದಿಲ್ಲ.

ಸತ್ತೇಗಾಲದ ಬೆಳೆಯ ಸುದ್ದಿಯನ್ನು ಫೋನಿನಲ್ಲಿ ಕೇಳುವ ಧೈರ್ಯ ನನಗಿರಲಿಲ್ಲ. ಉಳಿದರ್ಧ ತೋಟದ ಸೊಪ್ಪಿಗೆ ತಕ್ಕಷ್ಟೇ ಹುಳು ತಂದಿದ್ದಾರೆಂದು ಶಾಗ್ಯದ ಅಜ್ಜಿಯಿಂದ ತಿಳಿದಿತ್ತು. ನಾಲ್ಕನೇ ಜ್ವರ ದಾಟಿ ಆರನೇ ದಿನವಿರಬೇಕು, ಒಂದು ಬೆಳಿಗ್ಗೆ ಹೋದೆ. ಕಿಟಕಿಗಳು ತೆರೆದಿದ್ದವು. ಗೋಣಿಗಳು ಮೇಲೆ ಸುತ್ತಿ ಕಟ್ಟಿದ್ದವು. ಕಾಲು ತೊಳೆದು, ಸುಣ್ಣ ಮೆಟ್ಟಿ ಒಳಗೆ ಹೋದೆ. ಆಕೆ ಕಡ್ಡಿ ಸೊಪ್ಪು ಹರಡುತ್ತಿದ್ದರು. ಭಾವನ ಮಗಳು ಇನ್ನೊಂದು ಕಡೆಯಿಂದ ಸೊಪ್ಪು ಎಟುಕಿಸಿ ಕೊಡುತ್ತಿದ್ದಳು.

“ಹೇಗಿವೆಯಮ್ಮ?” ಎಂದು ಬಾಯಿಗೆ ಬಂದುಬಿಟ್ಟಿತು.

ಆಕೆ ಕೈ ನಿಲ್ಲಿಸದೆ, “ಚೆಂದಾಗವೆ ಸಾ” ಎಂದರು.

ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ. ಆಕೆಯೂ ಈಗ ಹುಳು ಸಾಕುವವರಾಗಿದ್ದರು. ನಾನು ಹೊರಗೆ ಬಂದು ಹೊಂಗೆಮರದ ಕೆಳಗೆ ನಿಂತೆ. ಕಾಲುವೆಯ ಏರಿಯ ಮೇಲೆ ಒಂದು ಬಸ್ಸು ಹೋಯಿತು. ಇನ್ನೊಂದು ಹೋಯಿತು. ಒಳಗೆ ಸೊಪ್ಪು ಹರಡುವುದು ಮುಗಿಯುವುದೇ ಇಲ್ಲವೇನೋ ಎನಿಸಿತು.

ಕೊನೆಗೆ ಆಕೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಬಾಗಿಲೆಳೆದುಕೊಂಡು, ಮರದ ಕೆಳಗೆ ಬಂದು, ನನ್ನ ಎದುರಿಗೆ ನಿಂತರು.

“ಈಚೆ ಬಂದು ಹೇಳ್ತಾ ಇವ್ನಿ ಸಾ” ಎಂದರು. “ಚೆಂದಾಗವೆ. ಈಗ ಬರ್ಕಳಿ.”